ತಡಮೆಯ ಈಚೆ ಅಕ್ಕ, ಆಚೆ ತಂಗಿ

ನಮ್ಮ ದೊಡ್ಡಮ್ಮನಿಗೆ ಬಸ್ಸು ಆಗಿಬರುವುದಿಲ್ಲ. ಗುತ್ತಿಗಾರು ಪೇಟೆ ದಾಟಿ ಮೊದಲ ತಿರುವಿಗೆ ಮಾತು ನಿಲ್ಲುತ್ತದೆ, ಎರಡನೆಯದಕ್ಕೆ ತಲೆ ಕಿಟಕಿಯ ಹೊರಗೆ. ಅವಳ ತಂಗಿ, ನನ್ನ ಚಿಕ್ಕಮ್ಮ, ಇರುವುದು ಗುಡ್ಡೆಯ ಆಚೆ ಮಗ್ಗುಲಲ್ಲಿ, ಪಂಜದ ಕಡೆಗೆ. ಡಾಮರು ರಸ್ತೆಯಲ್ಲಾದರೆ ಎರಡು ಬಸ್ಸು, ಒಂದು ರಿಕ್ಷಾ. ಕಾಲುದಾರಿಯಲ್ಲಾದರೆ ಒಂದು ಗುಡ್ಡೆ ಹತ್ತಿ ಇಳಿದರಾಯಿತು.

ಆದರೆ ಈ ಅಕ್ಕ ತಂಗಿ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದದ್ದು ಕಡಿಮೆ. ಗುಡ್ಡೆಯ ನೆತ್ತಿಯಲ್ಲಿ ಒಂದು ತಡಮೆ ಇತ್ತು. ಬೇಲಿಯ ಬಾಯಲ್ಲಿ ಎರಡು ಕವೆಗಂಬ ನೆಟ್ಟು, ಮನುಷ್ಯರು ಕಾಲೆತ್ತಿ ದಾಟುವಂತೆ, ದನ ದಾಟದಂತೆ ಅಡ್ಡ ಗಳ ಇಟ್ಟದ್ದು. ತಿಂಗಳಿಗೆರಡು ಸಲ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಇವಳು ಇಲ್ಲಿಂದ ಹತ್ತುವುದು, ಅವಳು ಅಲ್ಲಿಂದ ಹತ್ತುವುದು. ತಡಮೆಯ ಈಚೆ ಇವಳು, ಆಚೆ ಅವಳು. ಎಲೆ ಅಡಿಕೆ ಹಾಕಿ, ಎರಡೂ ಮನೆಯ ಸುದ್ದಿ ಮುಗಿಸಿ, ಕಟ್ಟಿ ತಂದದ್ದನ್ನು ಗಳದ ಮೇಲಿಂದ ದಾಟಿಸಿ, ಬಿಸಿಲು ಇಳಿಯುವಾಗ ಅವರವರ ಇಳಿಜಾರು ಅವರವರಿಗೆ.

ನಾನು ಮಾತು ಕಲಿತದ್ದೇ ಆ ದಾರಿಯಲ್ಲಿ, ದೊಡ್ಡಮ್ಮನ ಹಿಂದೆ ಚೀಲ ಹೊತ್ತುಕೊಂಡು. ಅವಳ ಹತ್ತಿರ ಪ್ರತಿ ತಿರುವಿಗೂ ಹೆಸರಿತ್ತು. ತೋಡಿನ ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಿದೊಡನೆ ‘ಉಸಿರು ಕಟ್ಟುವ ಏರು’, ಅದರ ತಲೆಯಲ್ಲಿ ‘ಬೆವರೊರಸುವ ಕಲ್ಲು’, ಮುಂದೆ ‘ಸೀರೆ ಹಿಡಿಯುವ ಮುಳ್ಳು’. ಆ ಮುಳ್ಳನ್ನು ಎಷ್ಟು ಸಲ ಸವರಿದರೂ ಅಲ್ಲೇ ಚಿಗುರಿ ಅವಳ ಸೆರಗನ್ನೇ ಹಿಡಿಯುತ್ತಿತ್ತು. “ಅದಕ್ಕೆ ನನ್ನ ಗುರ್ತ ಉಂಟು” ಎನ್ನುತ್ತಿದ್ದಳು.

ಕಳೆದ ಯುಗಾದಿಯ ಹೊತ್ತಿಗೆ ತಡಮೆ ಮಾಯವಾಯಿತು. ನೆತ್ತಿಯ ರಬ್ಬರು ತೋಟವನ್ನು ಹೊಸದಾಗಿ ಕೊಂಡವನು ಆನೆಯ ಉಪದ್ರ ತಡೆಯಲಾರದೆ ಗುಡ್ಡೆಯುದ್ದಕ್ಕೂ ಸೋಲಾರ್ ಬೇಲಿ ಎಳೆಸಿದ್ದ. ಕವೆಗಂಬಗಳಿದ್ದ ಜಾಗದಲ್ಲಿ ಮೂರು ಸಾಲು ತಂತಿ.

“ಅವನನ್ನು ಕೇಳಿ ನೋಡುವ, ದೊಡ್ಡಮ್ಮ” ಎಂದೆ.

“ಎಂತದು ಕೇಳುದು? ಕೊಡೆ ಕೇಳ್ತಾರೆ, ಏಣಿ ಕೇಳ್ತಾರೆ. ದಾರಿಯನ್ನು ಯಾರಾದ್ರೂ ಕೇಳ್ತಾರಾ? ಅದು ಇರುದು.”

ಎರಡು ತಿಂಗಳು ಅಕ್ಕ ತಂಗಿ ಮುಖ ನೋಡಲಿಲ್ಲ. ಫೋನಿತ್ತು, ದಿನಾ ಮಾತಿತ್ತು. ಆದರೂ ಫೋನು ಇಟ್ಟ ಮೇಲೆ ದೊಡ್ಡಮ್ಮ ಗುಡ್ಡೆಯನ್ನೇ ನೋಡುತ್ತಾ ಕೂರುತ್ತಿದ್ದಳು. “ಅವಳು ಎಲ್ಲ ಸೌಖ್ಯ ಅಂತಾಳೆ. ಮುಖ ನೋಡದೆ ಅವಳ ಸೌಖ್ಯವನ್ನು ನಾನು ನಂಬುದಿಲ್ಲ.”

ಕೊನೆಗೆ ಚಿಕ್ಕಮ್ಮನೇ ಹೇಳಿದಳು, ತಂತಿಯ ಆಚೆ ಈಚೆ ನಿಂತಾದರೂ ನೋಡುವ ಎಂದು. ಹಗಲು ಬೇಲಿಗೆ ಕರೆಂಟು ಬಿಡುವುದಿಲ್ಲ ಎಂದು ಧೈರ್ಯ ಹೇಳಿದವನು ನಾನು. ಯಾರನ್ನೂ ವಿಚಾರಿಸಿ ಹೇಳಿದ್ದಲ್ಲ.

ಆ ದಿನ ದೊಡ್ಡಮ್ಮ ಏರನ್ನು ಏರಿದ ರಭಸ ನೋಡಬೇಕಿತ್ತು! ಬೆವರೊರಸುವ ಕಲ್ಲಿನ ಹತ್ತಿರ ಬೆವರೊರಸಿಕೊಂಡವನು ನಾನೊಬ್ಬನೇ. ಅವಳು ಆಗಲೇ ಮುಳ್ಳಿನಿಂದ ಸೆರಗು ಬಿಡಿಸಿಕೊಂಡು ಮೇಲಿದ್ದಳು. ಚಿಕ್ಕಮ್ಮ ಆಚೆ ಬಂದು ನಿಂತಿದ್ದಳು.

“ಸೊರಗಿದ್ದೀಯಲ್ಲ!”

“ಇಲ್ಲ ಅಕ್ಕ, ರವಿಕೆ ದೊಡ್ಡದಾಗಿ ಹೊಲಿದದ್ದು.”

“ರವಿಕೆ ಕುತ್ತಿಗೆಯನ್ನೂ ಸೊರಗಿಸ್ತದಾ?”

ಇಷ್ಟಾಗಿ ದೊಡ್ಡಮ್ಮ ಕಾಟುಮಾವಿನ ಹಣ್ಣಿಗೆ ಕಾಯಿ, ಸಾಸಿವೆ ಅರೆದುಹಾಕಿ ಮಾಡಿದ ‘ಸಾಸಿವೆ’ ತುಂಬಿದ ಸ್ಟೀಲಿನ ಪಾತ್ರೆಯನ್ನು ತಂತಿಗಳ ನಡುವಿನಿಂದ ದಾಟಿಸಿದಳು. ಚಿಕ್ಕಮ್ಮ ಹಿಡಿದಳು. ಪಾತ್ರೆ ತಂತಿಗೆ ತಾಗಿತು.

“ಅಯ್ಯೋ, ಕಚ್ಚಿತು!” ಇಬ್ಬರದೂ ಒಂದೇ ಸ್ವರ. ಪಾತ್ರೆ ಬಿದ್ದು ಸಾಸಿವೆ ಮಣ್ಣಾಯಿತು. ಎಲ್ಲಿಂದಲೋ ಸೈರನ್ ಕೂಗತೊಡಗಿತು. ಅದರ ಬೆನ್ನಿಗೇ ರಬ್ಬರು ಮರಗಳೆಡೆಯಿಂದ ಢಂ ಎಂದು ಒಂದು ಗರ್ನಾಲು ಒಡೆಯಿತು. ಆನೆ ಓಡಿಸುವ ಪಟಾಕಿ ಅದು. ಮತ್ತೊಂದನ್ನು ಕೈಯಲ್ಲಿ ಹಿಡಿದು, ಮುಂಡು ಎತ್ತಿಕಟ್ಟಿಕೊಂಡು, ಹೋ ಹೋ ಎಂದು ಕೂಗುತ್ತಾ ತೋಟದವನು ಓಡಿಬರುತ್ತಿದ್ದ.

“ಓ ಮಾರಾಯಾ, ಬೆಂಕಿ ಕೊಡ್ಬೇಡ! ನಾವು!” ದೊಡ್ಡಮ್ಮ ಕೂಗಿದಳು.

ಅವನು ನಿಂತಲ್ಲೇ ನಿಂತ. “ನೀವಾ ಅಮ್ಮಾ? ನಾನು ಆನೆ ಅಂತ ಗ್ರಹಿಸಿದೆ!”

“ಅಕ್ಕನನ್ನು ಆನೆ ಅಂದದ್ದು ಸರಿ” ಎಂದಳು ಚಿಕ್ಕಮ್ಮ, ಕೈ ಕೊಡವುತ್ತಾ. “ನನ್ನನ್ನೂ ಯಾಕೆ ಸೇರಿಸುದು?”

ಬೆಳಿಗ್ಗೆಯಷ್ಟೇ ಎರಡು ಆನೆ ಹಲಸು ತಿಂದು ಹೋಗಿದ್ದವಂತೆ. ಹಾಗಾಗಿ ಹಗಲೂ ಕರೆಂಟು ಬಿಟ್ಟಿದ್ದನಂತೆ. ದೊಡ್ಡಮ್ಮ ನನ್ನ ಕಡೆ ನೋಡಿದ ನೋಟದ ಶಾಕಿಗಿಂತ ತಂತಿಯದ್ದೇ ವಾಸಿ.

“ಅಲ್ಲ ಅಮ್ಮಾ, ಇಲ್ಲಿ ಬಂದು ಎಂತ ಮಾಡುದು ನೀವು?”

“ತಂಗಿಯನ್ನು ನೋಡುದು. ನೀನು ಹುಟ್ಟುವ ಮೊದಲೇ ಇಲ್ಲಿ ಕೂತವರು ನಾವು.”

“ಈ ದಾರಿಯಲ್ಲಿ ಈಗ ಯಾರೂ ನಡೆಯುದಿಲ್ಲ ಅಂತ…”

ದೊಡ್ಡಮ್ಮ ನನ್ನ ಭುಜ ಹಿಡಿದು ಒಂದು ಕಾಲನ್ನು ಹಿಂದಕ್ಕೆತ್ತಿ ತೋರಿಸಿದಳು. “ಈ ಹಿಮ್ಮಡಿ ನೋಡು. ಇದು ಬಸ್ಸಿನಲ್ಲಿ ಕೂತು ಸವೆದದ್ದಾ?”

ಅವನು ಹಿಮ್ಮಡಿ ನೋಡಿದ, ಮಣ್ಣಾದ ಸಾಸಿವೆ ನೋಡಿದ. ಹೋಗಿ ಕರೆಂಟು ಬಂದ್ ಮಾಡಿ ಬಂದ. ಅವತ್ತು ಅಕ್ಕ ತಂಗಿ ನೆಲದಲ್ಲೇ ಕೂತು ಕತ್ತಲಾಗುವುದರೊಳಗೆ ಎರಡು ತಿಂಗಳ ಮಾತು ಮುಗಿಸಲು ಹೆಣಗಿದರು.

ವಾರ ಕಳೆದು ಎರಡೂ ಮನೆಗೆ ಅವನದೇ ಫೋನು: “ಒಮ್ಮೆ ಹತ್ತಿ ಬನ್ನಿ ಮಾರಾಯ್ರೆ.” ನಾವು ಹತ್ತಿದ್ದೇನು, ಹಾರಿದ್ದು! ತಡಮೆಯ ಜಾಗದಲ್ಲಿ ಮೂರೂ ತಂತಿಗಳನ್ನು ತುಂಡರಿಸಿ, ಸ್ಪ್ರಿಂಗಿನ ಕೊಕ್ಕೆ, ಕಪ್ಪು ಪ್ಲಾಸ್ಟಿಕ್ ಹಿಡಿ ಹಾಕಿ ಗೇಟು ಮಾಡಿದ್ದ. ಹಿಡಿ ಹಿಡಿದು ಕೊಕ್ಕೆ ತಪ್ಪಿಸಿದರೆ ದಾರಿ. ಗೇಟಿನ ಎರಡೂ ಬದಿಗೆ ಕೂರಲಿಕ್ಕೆಂದು ಎರಡೆರಡು ಕೆಂಪು ಕಲ್ಲು. ಹಗಲು ಕರೆಂಟು ಬಿಡಬೇಕಾದ ದಿನ ಎರಡೂ ಮನೆಗೆ ಫೋನು ಮಾಡುತ್ತೇನೆಂದು ತಾನಾಗಿಯೇ ಹೇಳಿದ.

ಮೂರು ಕೊಕ್ಕೆಗಳನ್ನೂ ದೊಡ್ಡಮ್ಮನೇ ತಪ್ಪಿಸಿದಳು, ಮೊದಲನೆಯದನ್ನು ಹಾವು ಹಿಡಿಯುವಂತೆ, ಮೂರನೆಯದನ್ನು ಸೌಟು ಹಿಡಿಯುವಂತೆ. ಗೇಟು ಹಾರುಹೊಡೆಯಿತು. ಆದರೆ ಅವಳು ಆಚೆ ಹೋಗಲಿಲ್ಲ. ಈಚೆಯ ಕಲ್ಲಿನಲ್ಲಿ ಕೂತು ಎಲೆಯ ಚೀಲ ಬಿಚ್ಚಿದಳು. ಚಿಕ್ಕಮ್ಮ ಆಚೆಯ ಕಲ್ಲಿನಲ್ಲಿ.

ತೋಟದವನಿಗೆ ತಡೆಯಲಿಲ್ಲ. “ಗೇಟು ತೆರೆದೇ ಉಂಟಲ್ಲ, ಒಂದೇ ಬದಿಯಲ್ಲಿ ಕೂತ್ಕೊಳ್ಳಿ ಅಮ್ಮಾ!”

“ಅದು ಹೇಗೆ ಆಗ್ತದೆ ಮಾರಾಯ?” ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳು. “ಒಬ್ಬಳು ಹೆಚ್ಚು ನಡೆದ ಹಾಗೆ ಆಗುದಿಲ್ವಾ?”