ಎಡಗಿವಿಯ ಕಡೆ ಕುಳಿತವರು

ನನ್ನ ಎಡಗಿವಿ ನಿಂತುಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಮಧುಗಿರಿಯ ನಮ್ಮ ಮನೆಯ ಅಡುಗೆಮನೆಯ ಬಾಗಿಲಲ್ಲಿ ಕಾಫಿಗೆ ಕಾದು ನಿಂತಿದ್ದಾಗ. ನೋವಿರಲಿಲ್ಲ. ಘಾಟಿ ಹತ್ತುವ ಬಸ್ಸಿನಲ್ಲಿ ಕಿವಿ ಕಟ್ಟುವಂತೆ ಒಳಗೆ ಏನೋ ಬಿಗಿಯಿತು. ಎಂಜಲು ನುಂಗಿದರೆ ಬಿಡುವ ಬಿಗಿತ ಅದಲ್ಲವೆಂಬುದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಸಂಜೆ, ಪಕ್ಕದ ಮನೆಯವರು ನೀರಿನ ಮೋಟಾರು ಆರಿಸಲು ಮರೆತಿದ್ದಾರೆಂದು ಎದ್ದು ಹೋಗಿ ಅವರ ಬಾಗಿಲು ತಟ್ಟಿದೆ. ಮೋಟಾರು ಓಡುತ್ತಿರಲಿಲ್ಲ. ಬೀದಿಗೆ ಬೀದಿಯೇ ಕರೆಂಟಿಲ್ಲದೆ ಕುಳಿತಿತ್ತು.

ಆ ಮೋಟಾರು ಇಂದಿಗೂ ನನ್ನ ತಲೆಯೊಳಗೆ ಓಡುತ್ತಿದೆ. ಕಿವಿಯೊಳಗೆ ಒದ್ದೆ ಹತ್ತಿ ತುರುಕಿಟ್ಟಂಥ ಭಾರವೂ ಅದರ ಜೊತೆಗೇ ಇದೆ. ತುಮಕೂರಿನ ವೈದ್ಯರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು, ತಲೆಯ ಸ್ಕ್ಯಾನ್ ಮಾಡಿಸಿದರು, ಮಾತ್ರೆ ಕೊಟ್ಟರು, ಕಿವಿಗೆ ಸೂಜಿಮದ್ದನ್ನೂ ಹಾಕಿದರು. ಕೊನೆಗೆ ಅವರು ಹೇಳಿದ ಮಾತು ಪ್ರಾಮಾಣಿಕವಾಗಿತ್ತು: "ಕೆಲವರಿಗೆ ಹೀಗಾಗುತ್ತೆ ಸಾರ್. ಯಾಕೆ ಅಂತ ನಮಗೂ ಗೊತ್ತಾಗಲ್ಲ." ವಿದ್ಯಾರ್ಥಿ ದೆಸೆಯಿಂದ ಚರ್ಚಾಸ್ಪರ್ಧೆಗಳ ವೇದಿಕೆಯಲ್ಲಿ ಬೆಳೆದವನು ನಾನು. ಎದುರಾಳಿ ಮುಂದಿಟ್ಟ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಖಂಡಿಸುವುದನ್ನು ಕಲಿತಿದ್ದೆ. ಕಾರಣವನ್ನೇ ಹೇಳದೆ ಗೆದ್ದುಹೋದ ಎದುರಾಳಿಯ ಮುಂದೆ ಏನು ಮಾಡಬೇಕೆಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಹಾಗಾಗಿ ಮುಚ್ಚಿಟ್ಟೆ. ಕೊರಟಗೆರೆಯ ಕಾಲೇಜೊಂದರವರು ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಕರೆದಾಗ ಜ್ವರವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ನಾನು ಪಾಠ ಮಾಡುವ ತರಗತಿಯಲ್ಲಿ ಮೇಜನ್ನು ಎಡಗೋಡೆಗೆ ಒತ್ತಿ ಹಾಕಿಸಿಕೊಂಡೆ. ಸತ್ಯ ತಿಳಿದಿದ್ದವಳು ನನ್ನ ಹೆಂಡತಿ ಒಬ್ಬಳೇ.

ಅವಳು ಪಾವಗಡದ ಕಡೆಯವಳು. ಅವಳ ಪ್ರೀತಿ ಕನ್ನಡದಲ್ಲಿ, ಕೋಪ ತೆಲುಗಿನಲ್ಲಿ. ಮೊದಲ ತಿಂಗಳು ನಮ್ಮ ಮನೆಯಲ್ಲಿ ತೆಲುಗೇ ಹೆಚ್ಚಾಗಿತ್ತು. "ಏಮಂಡೀ, ಮೂರು ಸಲ ಕರೆದೆ! ಗೋಡೆಗೆ ಹೇಳಿದ್ರೂ ಆಚೆ ಮನೆಯೋರು ಓ ಅಂತಿದ್ರು!" ಎಂಬುದನ್ನು ತೆಲುಗಿನಲ್ಲೇ ಅನ್ನುತ್ತ ಸೌಟು ಹಿಡಿದೇ ಹೊರಬರುತ್ತಿದ್ದಳು. ಆಮೇಲೆ ಅದು ನಿಂತಿತು. ಹೇಗೆ ನಿಂತಿತೆಂದು ನಾನು ಗಮನಿಸಿರಲೇ ಇಲ್ಲ. ಒಂದು ದಿನ ಸಂತೆಯಿಂದ ಬರುವಾಗ ನೋಡುತ್ತೇನೆ, ರಸ್ತೆ ದಾಟಿದ ಕೂಡಲೇ ಅವಳು ಚೀಲವನ್ನು ಕೈ ಬದಲಿಸಿಕೊಂಡು, ನನ್ನ ಹಿಂದಿನಿಂದ ಸುತ್ತಿ ಬಂದು ಬಲಕ್ಕೆ ನಿಂತಳು. ಊಟದ ಮಣೆ, ಬಸ್ಸಿನ ಸೀಟು, ಮಲಗುವ ಮಗ್ಗುಲು, ಎಲ್ಲವೂ ಆಗಲೇ ಬದಲಾಗಿದ್ದವು. ಯಾವುದೊಂದನ್ನೂ ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

"ಊರಿಗೂ ಹೇಳಿಬಿಡಿ" ಎನ್ನುವುದೊಂದೇ ಅವಳ ಒತ್ತಾಯ. ಕೆಲಸಕ್ಕೇನೂ ತೊಂದರೆಯಾಗಿಲ್ಲವೆಂಬುದು ನನ್ನ ವಾದ.

ತೊಂದರೆ ಆಗಲೇ ಆಗಿತ್ತು. ಶಿರಾ ತಾಲ್ಲೂಕಿನ ಹುಲಿಕುಂಟೆಯ ಕಡೆ ಕುರಿ ಸಾಕುವವರ ಒಂದು ಸಣ್ಣ ಊರಿದೆ. ಕೆಲವು ವರ್ಷಗಳಿಂದ ನಾನು ರಜಾದಿನಗಳಲ್ಲಿ ಅಲ್ಲಿಗೆ ಹೋಗುತ್ತೇನೆ. ಊರವರನ್ನು ಸೇರಿಸಿ ಸಭೆ ನಡೆಸುವುದು, ಅವರ ಬೇಡಿಕೆಗಳನ್ನು ನಡಾವಳಿಯಲ್ಲಿ ಬರೆದು, ಸಹಿ ಹೆಬ್ಬೆಟ್ಟು ಹಾಕಿಸಿ ಪಂಚಾಯಿತಿಗೆ ಮುಟ್ಟಿಸುವುದು ನನ್ನ ಕೆಲಸ. ಹೆಂಗಸರು ಸಭೆಗೆ ಬರಬೇಕು, ಬಂದು ಮಾತಾಡಬೇಕು ಎಂಬುದು ನನ್ನ ಬಹುಕಾಲದ ಹಟ. ಅವರು ಬರತೊಡಗಿದರು. ಗುಡಿಯ ಮುಂದಿನ ಬಯಲಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು, ಎದುರುಬದುರಾಗಿ. ಎರಡರ ನಡುವೆ, ಗುಡಿಯ ತುದಿಯಲ್ಲಿ, ಗುಡಿಗೆ ಬೆನ್ನು ಮಾಡಿದ ನನ್ನ ಕುರ್ಚಿ. ಗಂಡಸರು ನನ್ನ ಬಲಕ್ಕೆ, ಹೆಂಗಸರು ಎಡಕ್ಕೆ. ದೇವರ ಕಾರ್ಯವಿರಲಿ, ಪಂಚಾಯಿತಿಯಿರಲಿ, ಆ ಬಯಲಲ್ಲಿ ಅವರು ಕೂರುವುದು ಯಾವಾಗಲೂ ಹಾಗೆಯೇ.

ಕಿವಿ ಹೋದ ಮೇಲೆ ನಡೆದ ಒಂದು ಸಭೆಯ ವಿಷಯ ಕುಡಿಯುವ ನೀರಿನ ತೊಟ್ಟಿ. ಗುಡಿಯ ಪಕ್ಕದಲ್ಲಿ ಕಟ್ಟಿಸುವುದೆಂದು ಗಂಡಸರು ಹೇಳಿದರು. ಅದು ಊರಿನ ನಡುಮಧ್ಯ, ಪೈಪೂ ಹತ್ತಿರ. ನಾನು "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಮೂರು ಸಲ ಕೇಳಿದೆ. ಬಲಗಡೆ ಬೀಡಿ, ಕೆಮ್ಮು, ನಗು. ಎಡಗಡೆ ನನ್ನ ಮೋಟಾರು. ತಲೆ ಬಗ್ಗಿಸಿ "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದು ಬರೆದೆ. ಅಷ್ಟಕ್ಕೇ ಬಿಡದೆ ಎದ್ದು ನಿಂತು, ಹೆಂಗಸರ ಕಡೆ ತಿರುಗಿ ಒಂದು ಭಾಷಣವನ್ನೂ ಮಾಡಿದೆ. ಸಭೆಯವರೆಗೂ ಬಂದವರು ಬಾಯಿ ತೆರೆಯದಿದ್ದರೆ ಹೇಗೆ, ನಿಮ್ಮ ಮೌನವನ್ನು ನೀವೇ ಮುರಿಯದೆ ಇನ್ನಾರು ಮುರಿಯಬೇಕು ಎಂದೆಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸೆರಗು ಕೊಡವಿಕೊಂಡು ಎದ್ದುಹೋದರು.

ಮುಂದಿನ ಸಭೆಗೆ ಒಬ್ಬ ಹೆಂಗಸೂ ಬರಲಿಲ್ಲ.

ಅದರ ಮರುವಾರ ಹೆಂಡತಿಯೂ ನನ್ನೊಡನೆ ಹೊರಟಳು. ಆ ಊರಲ್ಲಿ ಉಣ್ಣೆ ನೂಲುವ ಅಜ್ಜಿಯೊಬ್ಬರಿದ್ದರು. ಅವರಿಂದ ತನ್ನ ತಾಯಿಗೊಂದು ಕಂಬಳಿ ಕೊಳ್ಳಬೇಕೆಂಬುದು ಅವಳ ಆಸೆ. ಹೆಂಗಸರ ಸಾಲಿನಲ್ಲಿ ಮೊದಲು ಕೂರುತ್ತಿದ್ದವರೂ ಅದೇ ಅಜ್ಜಿ. ಜಗಲಿಯ ಮೇಲೆ ಕೂತು, ನೂಲು ಎಳೆಯುತ್ತಲೇ, ನನ್ನನ್ನು ಕಂಡೂ ಕಾಣದವರಂತೆ ಅವರು ನನ್ನ ಹೆಂಡತಿಯನ್ನು ಮಾತಾಡಿಸಿದರು.

"ಅಜ್ಜಿ, ಸಭೆಗೆ ಯಾಕೆ ಬರಲಿಲ್ಲ?" ಎಂದು ನಾನೇ ಬಾಯಿ ಹಾಕಿದೆ.

"ಯಾಕ್ ಬರಾನ ಮೇಷ್ಟ್ರೇ? ಬಾಯ್ ನೋಯ್ಸ್ಕಳಕಾ?" ಎಂದರು ಅಜ್ಜಿ. "ಗುಡಿ ತಾವ ಬ್ಯಾಡ ಅಂತ ನಾನು ಹೇಳ್ದೆ. ನಮ್ಮ ಸೊಸೆ ಹೇಳಿದ್ಲು. ಕೊನೇ ಮನೆಯೋಳು ಎದ್ದು ನಿಂತ್ಕಂಡೇ ಹೇಳಿದ್ಲು. ನೀವು ಆ ಕಡೀಕ್ ಮಖ ಮಾಡ್ಕಂಡು ಗಂಡಸ್ರುದ್ದೇ ಬರ್ಕಂಡ್ರಿ. ಆಮ್ಯಾಕೆ ನಮಗೇ ಬುದ್ಧಿ ಹೇಳ್ಬುಟ್ರಿ, ಮಾತಾಡಲ್ಲ ಅಂತ!"

"ಗುಡಿಯ ಹತ್ತಿರ ಏಕೆ ಬೇಡ?"

ಅವರು ನನ್ನ ಹೆಂಡತಿಯತ್ತ ತಿರುಗಿದರು. "ನೀನೇ ಹೇಳು ಕಣಮ್ಮ ನಿನ್ ಗಂಡಂಗೆ. ಹೊರಗಾದ ಮೂರು ದಿನ ಗುಡಿ ಮುಂದೆ ನಾವು ಅಡ್ಡಾಡಲ್ಲ. ಅವಾಗ ನೀರಿಗೆ ಯಾರ್ ಕಾಲ್ ಹಿಡೀಬೇಕು? ಈಗಿರೋ ಬಾವಿಗೆ ಹೆಂಗೋ ಸುತ್ತಾಕಂಡು ಹೋಯ್ತಿದ್ವಿ. ತೊಟ್ಟಿ ಆದ್ಮೇಲೆ ಬಾವಿ ಮುಚ್ತಾರಂತೆ."

ನಾನು ಆ ಪದ್ಧತಿಯನ್ನು ಒಪ್ಪುವವನಲ್ಲ. ಅದನ್ನು ಅಲ್ಲಿಯೇ ಹೇಳಲೂ ಹೊರಟೆ. ಮುಟ್ಟು ಮೈಲಿಗೆಯಲ್ಲವೆಂಬುದಕ್ಕೆ ಮೂರು ಕಾರಣಗಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದವು. ಅಜ್ಜಿ ಕದಿರನ್ನು ನೆಲಕ್ಕಿಟ್ಟರು.

"ಅದ್ರ ವಾದ ಬ್ಯಾಸಗೆ ಕಳ್ದು ಮಾಡಾನ ಬುಡಿ. ನೀರು ಈ ತಿಂಗ್ಳೇ ಬೇಕು."

ಆಗ ನನ್ನ ಹೆಂಡತಿ ಹೇಳಿಯೇಬಿಟ್ಟಳು. "ಅಜ್ಜೀ, ಇವರು ಬೇಕಂತ ಮಾಡಿದ್ದಲ್ಲ. ಇವರಿಗೆ ಎಡಗಿವಿ ಕೇಳಲ್ಲ."

ನಾನು ಅವಳನ್ನು ದಿಟ್ಟಿಸಿದೆ. ಅಜ್ಜಿ ನನ್ನನ್ನು ದಿಟ್ಟಿಸಿದರು. ಅನಂತರ ಎದ್ದು ನನ್ನ ಹಿಂದಕ್ಕೆ ಹೋದರು. ಏನು ಮಾಡಿದರೆಂದು ನನಗೆ ತಿಳಿಯಲಿಲ್ಲ. ಹೆಂಡತಿ ನಗುತ್ತಿದ್ದಳು. ಆಮೇಲೆ ಬಲಗಡೆಯಿಂದ, ಕುರಿಮರಿಯನ್ನು ಕರೆಯುವಂತೆ ಲೊಚಗುಟ್ಟಿದ ಸದ್ದು ಕೇಳಿ ನಾನು ತಿರುಗಿದೆ.

"ದಿಟ ಕಣಮ್ಮ" ಎಂದರು ಅಜ್ಜಿ. "ಎಡಕ್ ನಾಕ್ ಸಲ ಕರುದ್ರೂ ಅಲ್ಲಾಡ್ನಿಲ್ಲ. ಮರಿಗಳಲ್ಲೂ ಇಂಥವು ಹುಟ್ತವೆ. ಅಂಥವುನ್ನ ಕೂಗಿ ಪ್ರಯೋಜ್ನ ಇಲ್ಲ. ಮುಂದಕ್ಕೋಗಿ ಕಣ್ಣಿಗೆ ಕಾಣುಸ್ಕಬೇಕು." ಬಂದು ನನ್ನೆದುರಿಗೇ ಕುಳಿತರು. "ಇಂಗಂತ ಅವತ್ತೇ ಹೇಳಕ್ಕೇನಾಗಿತ್ತು ಸ್ವಾಮಿ ನಿಮಗೆ? ನಾವು ಒಂದು ತಿಂಗ್ಳಿಂದ ನಿಮ್ಮುನ್ನ ಬೈಕಂಡು ಓಡಾಡ್ತಿದೀವಲ್ಲ!"

ಇನ್ನೊಬ್ಬರಿಗೆ ಬಾಯಿ ಬಿಡಿರೆಂದು ಬೋಧಿಸುತ್ತಿದ್ದವನು ನಾನೇ.

ನಡಾವಳಿ ಆಗಲೇ ಪಂಚಾಯಿತಿ ತಲುಪಿತ್ತು. ಅಳತೆ ಮಾಡುವವರು ಆ ವಾರವೇ ಬರುವವರಿದ್ದರು. ಅದನ್ನು ಹಿಂದಕ್ಕೆ ಪಡೆಯಬೇಕಾದರೆ ಬರೆದವನೇ, ಊರ ಮುಂದೆ, ಬರೆದದ್ದು ತಪ್ಪು ಮತ್ತು ಏಕೆ ತಪ್ಪು ಎಂದು ಹೇಳಬೇಕು. ಹಿಂದಿರುಗುವ ಬಸ್ಸಿನಲ್ಲಿ ನಾನು ಬೇರೆ ದಾರಿ ಹುಡುಕಿದೆ. "ಮರುಪರಿಶೀಲನೆಗಾಗಿ" ಎಂದಷ್ಟೇ ಬರೆದರೆ ಸಾಲದೇ? ಕಿವಿಯ ಮಾತು ಏಕೆ? ಒಮ್ಮೆ ಹೇಳಿದರೆ, ನಾಳೆ ನಾನು ಬರೆದ ಯಾವ ಕಾಗದವನ್ನಾದರೂ ಕಿವುಡನ ಬರಹವೆಂದು ತಳ್ಳಿಹಾಕಬಹುದಲ್ಲ?

ಬಲಗಡೆ ಕುಳಿತಿದ್ದ ಹೆಂಡತಿ ಕಂಬಳಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಅವರು ಬೇಡ ಅಂದಿದ್ದು ಎಲ್ಲೂ ಬರೆದಿಲ್ಲ. ನೀವು ಯಾಕೆ ಅಂತ ಹೇಳದಿದ್ರೆ ಅವರೇ ಸುಮ್ಮನಿದ್ದು ಈಗ ತಕರಾರು ತೆಗೆದಂಗಾಗುತ್ತೆ" ಎಂದಳು. ಈ ಪಕ್ಷವನ್ನು ಖಂಡಿಸಲು ನನ್ನಿಂದಾಗಲಿಲ್ಲ.

ಎರಡು ದಿನ ಬಿಟ್ಟು ಸಭೆ ಕರೆದೆ. ಅಜ್ಜಿ ಹೇಳಿ ಕಳಿಸಿದ್ದರಿಂದ ಹೆಂಗಸರೂ ಬಂದರು. ನಾನು ಎದ್ದು ನಿಂತು ಹೇಳಿದೆ: ನನ್ನ ಎಡಗಿವಿ ಕೇಳುವುದಿಲ್ಲ. ಕಾರಣ ವೈದ್ಯರಿಗೂ ತಿಳಿದಿಲ್ಲ. ಒಳಗೆ ಹಗಲೂ ಇರುಳೂ ಒಂದು ಮೋಟಾರಿನ ಸದ್ದಿದೆ. ಅಂದು ಇವರು ಮೂವರು ಆಕ್ಷೇಪಿಸಿದ್ದರು, ನನಗೆ ಕೇಳಿಸಲಿಲ್ಲ. ಸರ್ವಾನುಮತವೆಂದು ನಾನು ಬರೆದದ್ದು ಸುಳ್ಳು. ಇಷ್ಟು ಚಿಕ್ಕ ಭಾಷಣವನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

ಗಂಡಸರ ಸಾಲಿನಿಂದ ಒಬ್ಬರು ಕೂಗಿದರು: "ಮೋಟ್ರು ಓಡ್ತಾನೇ ಐತೆ ಅಂತೀರಾ? ನೀರೂ ಬಂದಿದ್ರೆ ತೊಟ್ಟೀನೇ ಬ್ಯಾಡಾಗಿತ್ತಲ್ಲ ಮೇಷ್ಟ್ರೇ!" ಎರಡೂ ಸಾಲುಗಳು ನಕ್ಕವು. ನನಗೂ ನಗು ಬಂತು.

ಇನ್ನು ಮುಂದೆ ಹೆಂಗಸರು ಬಲಗಡೆ ಕೂರಲಿ ಎಂದೆ. ಗಂಡಸರು ಒಪ್ಪಲಿಲ್ಲ. ಆ ಜಾಗ ತಾತಮುತ್ತಾತರಿಂದ ತಮ್ಮದೆಂದರು. ವಿಚಿತ್ರವೆಂದರೆ ಹೆಂಗಸರೂ ಒಪ್ಪಲಿಲ್ಲ. ಅವರ ಕಡೆ ಬೇವಿನ ನೆರಳಿತ್ತು, ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಸಮಾನತೆಯ ತತ್ತ್ವವನ್ನು ವಿವರಿಸಲು ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಂತೆ ಅಜ್ಜಿ ನನ್ನ ಮುಂದೆ ಬಂದು ನಿಂತರು.

"ಮಾತ್ ಸಾಕು, ಎದ್ದೇಳಿ." ಮಗನ ಕಡೆ ತಿರುಗಿ, "ಲೇ, ಈ ಕುರ್ಚಿ ತಗಂಡೋಗಿ ಆ ತುದೀಗ್ ಹಾಕ್ಲಾ" ಎಂದರು.

ಕುರ್ಚಿ ಸಾಲುಗಳ ಇನ್ನೊಂದು ತುದಿಗೆ ಹೋಯಿತು. ನಾನು ಗುಡಿಗೆ ಎದುರಾಗಿ ಕುಳಿತೆ. ಒಬ್ಬರೂ ಕುಳಿತಲ್ಲಿಂದ ಕದಲಿರಲಿಲ್ಲ. ಹೆಂಗಸರೆಲ್ಲ ನನ್ನ ಬಲಕ್ಕಿದ್ದರು.

ಆಮೇಲೆ ಅವರು ಮಾತಾಡಿದ ರಭಸವನ್ನು ಹೇಗೆ ವರ್ಣಿಸಲಿ? ತೊಟ್ಟಿ ಎಲ್ಲಿ ಬೇಕೆಂಬುದರಲ್ಲಿ ಅವರಲ್ಲೇ ಮೂರು ಪಕ್ಷ. ಶಾಲೆಯ ಬಳಿ ಎಂದವರನ್ನು ಬಾವಿಯ ಬಳಿ ಎಂದವರು ಬಿಡಿಸಿ ಬಿಡಿಸಿ ಸೋಲಿಸಿದರು. ಎಡಗಡೆಯಿಂದ ಗಂಡಸರು ಏನೋ ಹೇಳುತ್ತಿದ್ದರು. ಅಜ್ಜಿಯ ಸೊಸೆ ಅವರತ್ತ ಕೈಬೀಸಿ, "ಜೋರಾಗ್ ಹೇಳ್ರಣ್ಣ, ಮೇಷ್ಟ್ರಿಗೆ ಆ ಕಿವಿ ಆಗಕಿಲ್ಲ!" ಎಂದಳು. ಬಿಸಿಲು ಇಳಿಯುವ ಹೊತ್ತಿಗೆ ಬಾವಿಯ ಪಕ್ಕ ಎಂದಾಯಿತು. ಪೈಪು ಹೆಚ್ಚು ಬೇಕಾಗುತ್ತದೆಂದು ಇಬ್ಬರು ಗಂಡಸರು ಕೊನೆಯವರೆಗೂ ಒಪ್ಪಲಿಲ್ಲ. ಅದನ್ನೂ ಬರೆದೆ. ಸರ್ವಾನುಮತವೆಂಬ ಪದ ಈ ಸಲ ಬೇಕಾಗಲಿಲ್ಲ.

ಹಿಂದಿನ ತೀರ್ಮಾನ ರದ್ದಾದ ಕಾರಣವನ್ನು ಪ್ರತ್ಯೇಕವಾಗಿ ಬರೆಯಬೇಕಿತ್ತು. ಬರೆದು, ಹೆಬ್ಬೆಟ್ಟಿಗಾಗಿ ಪುಸ್ತಕವನ್ನು ಮೊದಲು ಅಜ್ಜಿಯ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ. "ಏನ್ ಬರ್ದಿದ್ದೀರಿ? ಓದಿ" ಎಂದರು.

"ನಡಾವಳಿ ಬರೆದವನಿಗೆ ಎಡಗಿವಿ ಕೇಳಿಸದಿರುವುದರಿಂದ, ಆ ಬದಿಯಲ್ಲಿ ಕುಳಿತಿದ್ದ ಮಹಿಳೆಯರು ಸ್ಪಷ್ಟವಾಗಿ ಹೇಳಿದ್ದ ಆಕ್ಷೇಪಣೆ ಬಿಟ್ಟುಹೋಗಿತ್ತು" ಎಂದು ಓದಿದೆ.

ಅಜ್ಜಿ ತಲೆಯಾಡಿಸಿದರು. ಹೆಬ್ಬೆರಳನ್ನು ಶಾಯಿಗೆ ಒತ್ತಿ, ಹಾಗೇ ಮೇಲೆತ್ತಿ ಹಿಡಿದು ಹೇಳಿದರು: "ಇನ್ನೊಂದ್ಸಲ ಓದಿ ಮೇಷ್ಟ್ರೇ. ಆ ಸಾಲ್ನೋರಿಗೂ ಕೇಳ್ಲಿ."