ನಾನು ಮಾಡಿಸಿದ ರಾಜಿ

ಸಿಯಾಟಲ್ ಪಕ್ಕದ ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ, ಯಾರೂ ನೇಮಿಸದಿದ್ದರೂ, ರಾಜಿ ಪಂಚಾಯ್ತಿಯ ಅಧ್ಯಕ್ಷ ನಾನೇ. ಪಾರ್ಕಿಂಗ್ ಜಗಳವಾಗಲಿ, ಯುಗಾದಿ ಕಾರ್ಯಕ್ರಮದಲ್ಲಿ ಯಾರ ಮಗಳು ಮೊದಲು ಹಾಡಬೇಕೆಂಬ ಮಹಾಸಮರವಾಗಲಿ, ನನ್ನ ತೀರ್ಪು ಒಂದೇ: ಇವರಿಗರ್ಧ, ಅವರಿಗರ್ಧ, ಈಗ ಕಾಫಿ ಕುಡಿಯಿರಿ. ಹೀಗಾಗಿ ಜ್ಯೂರಿ ಸೇವೆಗೆ ಸಿಯಾಟಲ್ ಕೋರ್ಟಿನ ಕಾಗದ ಬಂದಾಗ, ಈ ದೇಶ ಕಡೆಗೂ ನನ್ನ ಯೋಗ್ಯತೆ ಗುರುತಿಸಿತೆಂದು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದೆ.

ಆರೋಪಿ, ಮನೆಗಳಿಗೆ ಛಾವಣಿ ಹೊದಿಸುವ ಕೆಲಸದ ಯುವಕ. ಅವನ ಮೇಲೆ ಎರಡು ಆರೋಪ. ಒಂದು, ಹಳೆಯ ಗೆಳೆಯನ ಮನೆಗೆ ನುಗ್ಗಿ ಹೊಡೆದ. ಎರಡು, ಹೊಡೆದ. ಅವನು ಹೇಳಿದ್ದಿಷ್ಟು: ನನ್ನ ಸಾಮಾನು ತರಲು ಒಳಗೆ ಹೋದದ್ದು ನಿಜ, ಗೆಳೆಯ ತಾನೇ ಮೆಟ್ಟಿಲ ಮೇಲೆ ಜಾರಿ ಬಿದ್ದ.

ನಾನು ಅವನನ್ನು ನಂಬಿದ್ದೆ.

ಮೂರನೆಯ ದಿನ ಮಧ್ಯಾಹ್ನವಾದರೂ ಜ್ಯೂರಿಯ ಕೋಣೆಯಲ್ಲಿ ಎಂಟು ಜನ ತಪ್ಪಿತಸ್ಥ ಎನ್ನುವ ಕಡೆ, ನಾವು ನಾಲ್ವರು ಬಿಡೋಣ ಎನ್ನುವ ಕಡೆ. ಎಲ್ಲರೂ ಒಪ್ಪದೆ ತೀರ್ಪಿಲ್ಲ. ಒಬ್ಬರ ಮುಖ ಒಬ್ಬರು ನೋಡುವುದನ್ನೂ ಬಿಟ್ಟಿದ್ದೆವು. ಆಗ ನನ್ನೊಳಗಿನ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಒಂದರಲ್ಲಿ ತಪ್ಪಿತಸ್ಥ ಎನ್ನೋಣ, ಇನ್ನೊಂದರಲ್ಲಿ ಬಿಡೋಣ ಎಂದೆ. ಯಾವುದಕ್ಕೆ ಎಷ್ಟು ಶಿಕ್ಷೆಯೆಂದು ಜ್ಯೂರಿಗೆ ಹೇಳುವುದಿಲ್ಲ. ಒಳಗೆ ಹೋದದ್ದನ್ನು ಅವನೇ ಒಪ್ಪಿದ್ದನಲ್ಲ, ಮೊದಲನೆಯದೇ ಚಿಕ್ಕದಿರಬೇಕೆಂದು ನಾನೇ ಆರಿಸಿಕೊಟ್ಟೆ. ಹೀಗೆ ಮಾಡಬಹುದೇ ಎಂದು ಜಡ್ಜ್‌ಗೆ ಚೀಟಿ ಕಳಿಸಿದೆವು. ‘ಕೊಟ್ಟಿರುವ ಸೂಚನೆಗಳನ್ನು ಓದಿಕೊಳ್ಳಿ’ ಎಂಬ ಉತ್ತರ ಬಂತು. ಪ್ರತಿ ಆರೋಪವನ್ನೂ ಬೇರೆಯಾಗಿಯೇ ತೀರ್ಮಾನಿಸಿ ಎಂದು ಸೂಚನೆಯಲ್ಲಿತ್ತು. ದಣಿದವರಿಗೆ ಅಷ್ಟು ಸಾಕಾಯಿತು.

ಚಿಕ್ಕದೆಂದು ನಾನು ಆರಿಸಿದ್ದೇ ದೊಡ್ಡದು. ನಾಲ್ಕು ವರ್ಷ ಜೈಲಾಯಿತು.

“ರೀ, ಹೊಡೆದಿಲ್ಲ ಅಂದ್ಮೇಲೆ ನುಗ್ಗಿ ಹೊಡೆದ ಅಂತ ಹೇಗ್ರೀ ಒಪ್ಕೊಂಡ್ರಿ?” ಎಂದಳು ಹೆಂಡತಿ.

“ರಾಜಿ ಕಣೇ ಅದು.”

“ಇದೇನು ಪಾರ್ಕಿಂಗ್ ಜಾಗಾನಾ, ಸೋಮವಾರ ನಿಂದು ಮಂಗಳವಾರ ನಂದು ಅನ್ನೋಕೆ? ನಂಬಿದ್ಮೇಲೆ ಒಪ್ಪಲ್ಲ ಅಂತ ಗಟ್ಟಿಯಾಗಿ ಕೂತ್ಕೋಬೇಕಿತ್ತು.”

ಅಪೀಲಿನಲ್ಲಿ ಅವನ ವಕೀಲೆ ಕೇಳಿದ್ದೂ ಹೆಂಡತಿಯ ಪ್ರಶ್ನೆಯನ್ನೇ, ಪುಟಗಳು ಮಾತ್ರ ಹೆಚ್ಚು. ಚೀಟಿ ಬಂದಾಗ ಜಡ್ಜ್ ಬಿಡಿಸಿ ಹೇಳಬೇಕಿತ್ತು ಎಂದೂ ವಾದಿಸಿದ್ದಳು. ಕೋಣೆಯಲ್ಲಿ ನಡೆದದ್ದನ್ನೆಲ್ಲ ಅವಳಿಗೆ ಬರೆದು ಕಳಿಸಿದೆ. ಜ್ಯೂರಿ ಒಳಗೆ ಹೇಗೆ ತೀರ್ಮಾನಕ್ಕೆ ಬಂತೆಂಬುದನ್ನು ಯಾವ ಕೋರ್ಟೂ ಕೇಳಿಸಿಕೊಳ್ಳುವುದಿಲ್ಲ, ಕ್ಷಮಿಸಿ, ಎಂದು ಎರಡು ಸಾಲಿನ ಉತ್ತರ ಬರೆದಳು.

ವಾದ ಕೇಳಲು ಹೋದೆ. ಹಿಂದಿನ ಬೆಂಚಿನಲ್ಲಿ ಅವನ ತಾಯಿ ಇದ್ದರು, ಆಚೆಯ ದ್ವೀಪದಿಂದ ಮುಕಿಲ್ಟಿಯೊ ಫೆರಿ ದೋಣಿ ಹತ್ತಿ ಬಂದವರು. ನನ್ನ ಗುರುತು ಹಿಡಿದು, ಕೈಚೀಲ ಸರಿಸಿ ಜಾಗ ಕೊಟ್ಟರು.

“ಒಂದರಲ್ಲಾದರೂ ಬಿಟ್ಟಿರಲ್ಲ. ಒಳಗೆ ಯಾರಿಗೋ ನನ್ನ ಮಗನ ಮೇಲೆ ಕರುಣೆ ಇತ್ತು. ನೀವೇನಾ ಅದು?” ಎಂದರು, ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ.

ಊರಿಗೆಲ್ಲ ನ್ಯಾಯ ಹೇಳುವ ನಾಲಿಗೆ. ವಾಪಸ್ ಫೆರಿ ಎಷ್ಟು ಗಂಟೆಗೆ ಎಂದು ಕೇಳಿದೆ.

ಕೆಲವು ತಿಂಗಳ ನಂತರ ಅಪೀಲು ವಜಾ ಆಯಿತು. ಜಡ್ಜ್ ಕೊಟ್ಟ ಉತ್ತರದಲ್ಲಿ ದೋಷವಿಲ್ಲ. ಎರಡು ತೀರ್ಪುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ನಿಜ, ಆದರೆ ಸಾಕ್ಷ್ಯ ಸಾಕಷ್ಟಿದೆ. ಜ್ಯೂರಿ ಬಹುಶಃ ಆರೋಪಿಗೆ ಕರುಣೆ ತೋರಿಸಿರಬಹುದು, ಅದನ್ನು ಕೆದಕುವುದು ತಮ್ಮ ಕೆಲಸವಲ್ಲ ಎಂದು ಮೂವರು ನ್ಯಾಯಾಧೀಶರೂ ಒಮ್ಮತದಿಂದ ಬರೆದಿದ್ದರು.

ಆ ತಾಯಿಯೂ ಅದನ್ನು ಓದಿರುತ್ತಾರೆ. ತಾವು ಅಂದುಕೊಂಡದ್ದೇ ಸರಿ ಎಂದುಕೊಂಡಿರುತ್ತಾರೆ.