ಹಗೇವಿಗೆ ಇಳಿದ ಕಂದೀಲು

ನಗೆಮಾತು ಮುಗಿಯುವ ಮೊದಲೇ ನಗಲು ಶುರುಮಾಡುವ ಮನುಷ್ಯ ನಮ್ಮ ಶಂಕ್ರೆಪ್ಪ ಕಾಕಾ. ಭಾಲ್ಕಿಗೆ ನಾಟಕ ಕಂಪನಿ ಬಂದರೆ ಅವನಿಗೆ ಮುಂದಿನ ಸಾಲಿನಲ್ಲಿ ಪುಕ್ಕಟೆ ಕುರ್ಚಿ. ಅವನು ನಕ್ಕರೆ ಇಡೀ ಪೆಂಡಾಲು ನಗುತ್ತದೆಂದು ಮಾಲೀಕರಿಗೆ ಗೊತ್ತಿತ್ತು. ಪಕ್ಕದ ಕುರ್ಚಿ ನೆರೆಮನೆಯ ದರ್ಜಿ ಮಹಿಬೂಬನದು. ಮಹಿಬೂಬನಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. ಅವನು ಹೊಲಿಯುತ್ತಿದ್ದರೆ ಕಾಕಾ ಎದುರು ಕೂತು ಕನ್ನಡ ಕಾದಂಬರಿ ಓದಿ ಹೇಳುತ್ತಿದ್ದ.

ಕಾಕಾ ನಗದಿದ್ದ ವಿಷಯ ಒಂದೇ, ಜೋಳ ತುಂಬಿಡಲು ಅಂಗಳದಲ್ಲಿ ಆಳವಾಗಿ ತೋಡಿದ್ದ ಹಗೇವು. ಅದರ ಬಾಯಿ ತೆಗೆದ ದಿನ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. "ತಳದಾಗ ಕೆಟ್ಟ ಗಾಳಿ ನಿಂತಿರ್ತದ. ಮೊದಲ ಕಂದೀಲ ಇಳಸ್ರಿ. ದೀಪ ಉಳದ್ರ ನೀವು ಇಳೀರಿ." ಇದನ್ನು ಕೇಳಿ ಕೇಳಿ ನಮಗೆ ಸಾಕಾಗಿತ್ತು.

ನಿಜಾಮನ ಪರವಾದ ರಜಾಕಾರರು ಓಣಿಗೆ ನುಗ್ಗಿದಾಗ ಕಾಕಾನ ಹೆಂಡತಿ ಮಕ್ಕಳನ್ನು ಮಹಿಬೂಬ ತನ್ನ ಮನೆಯಲ್ಲಿಟ್ಟು ಕಾಯ್ದಿದ್ದ. ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಸೇಡಿನ ಗುಂಪು, ಮುಸಲ್ಮಾನನೆಂಬ ಒಂದೇ ಕಾರಣಕ್ಕೆ, ಮಹಿಬೂಬನನ್ನೇ ಹುಡುಕಿಕೊಂಡು ಬಂತು. ಕಂದೀಲು ಹಚ್ಚುವಷ್ಟು ಹೊತ್ತಿರಲಿಲ್ಲ. ಕಾಕಾ ಅವನನ್ನು ಹಗೇವಿಗೆ ಇಳಿಸಿ, ಕಲ್ಲು ಮುಚ್ಚಿ, ಅದರ ಮೇಲೆಯೇ ಕೂತ. ಗುಂಪು ಹೋದ ಮೇಲೆ ಕಲ್ಲು ಸರಿಸಿ ಕರೆದ. ಮಹಿಬೂಬ ಓಗೊಡಲಿಲ್ಲ.

ಆಮೇಲೆ ಕಾಕಾ ನಕ್ಕಿದ್ದನ್ನು ಯಾರೂ ಕಾಣಲಿಲ್ಲ. ಕೆಲವು ವರ್ಷ ಕಳೆದು, ಅವರಿಬ್ಬರ ಅಚ್ಚುಮೆಚ್ಚಿನ ಕಾದಂಬರಿಯೊಂದು ನಗೆನಾಟಕವಾಗಿ ಬೀದರಿಗೆ ಬಂತು. ಓಣಿಯವರೆಲ್ಲ ಸೇರಿ ಹೊರಟೆವು. ಕಾಕಾ ಬರುತ್ತಾನೆಂದು ನಾನು ನಂಬಿರಲಿಲ್ಲ.

"ಮಹಿಬೂಬ ಇದನ್ನ ನೋಡಬೇಕಂತಿದ್ದ. ನಡೀರಿ," ಎಂದ. ಪೆಂಡಾಲಿನಲ್ಲಿ ಪಕ್ಕದ ಕುರ್ಚಿಗೆ ತನ್ನ ಟವೆಲು ಹಾಸಿದ.

ಕಾದಂಬರಿಯಲ್ಲಿ ನಾಯಕ ಅತ್ತೆಗೆ ಹೆದರಿ ಅಟ್ಟ ಹತ್ತುತ್ತಾನೆ. ಕಂಪನಿಯವರು ಜನ ಹೆಚ್ಚು ನಗಲೆಂದು ಅವನನ್ನು ಹಗೇವಿಗೆ ಇಳಿಸಿಬಿಟ್ಟಿದ್ದರು. ಮೇಲೆ ಹಲಗೆ ಮುಚ್ಚಿತು. ಅತ್ತೆ ಅದರ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ಜನ ಬಿದ್ದು ಬಿದ್ದು ನಕ್ಕರು. ಕಾಕಾ ಎದ್ದು ನಿಂತ.

"ಮುಚ್ಚಬ್ಯಾಡ್ರಿ! ಕಂದೀಲ ಇಳಸ್ರಿ! ಅವ ಸಾಯ್ತಾನ್ರಿ!"

ಹಳೆಯ ಶಂಕ್ರೆಪ್ಪ ಮರಳಿ ಬಂದನೆಂದು ಬಲ್ಲವರೆಲ್ಲ ಚಪ್ಪಾಳೆ ತಟ್ಟಿದರು. ಅವನು ರಂಗ ಹತ್ತಿ, ಅತ್ತೆಯ ವೇಷದವನನ್ನು ತಳ್ಳಿ, ಹಲಗೆ ಕಿತ್ತೆಸೆದ. ಗಾಬರಿಯಿಂದ ತಲೆಯೆತ್ತಿದ ನಟನ ಮೂಗಿಗೆ ಅಂಗೈ ಹಿಡಿದ.

"ಉಸರ ಅದ," ಎಂದವನು ಅಲ್ಲೇ ಕುಸಿದು ಅತ್ತ. ಜನ ಇನ್ನೂ ನಗುತ್ತಿದ್ದರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಊರಿಗೆ ಮರಳಿದವನೇ ಕಾಕಾ ಕಂದೀಲು ಹಚ್ಚಿ ಖಾಲಿ ಹಗೇವಿಗೆ ಇಳಿಸಿದ. ಬದುಕಿರುವ ತನಕ ಪ್ರತಿ ಸಂಜೆ ಇಳಿಸಿದ. ಅವನನ್ನು ಮಣ್ಣು ಮಾಡಿ ಬಂದ ಸಂಜೆ ಆ ಕೆಲಸ ನಾನು ಮಾಡಿದೆ. ಹಗ್ಗ ಬಿಡುತ್ತಾ ಹೋದಂತೆ ಕಂದೀಲು ತಳ ಮುಟ್ಟಿತು. ದೀಪ ಆರಲಿಲ್ಲ.